ಉಂಟು ಮತ್ತು ಉಂತು

ನಮ್ಮ ಕಡೆ ಚಳಿಗಾಲ ಬೆಳಿಗ್ಗೆ ಎಂಟೂವರೆಗೆ ಮುಗಿಯುತ್ತದೆ. ಆಮೇಲೆ ಎಂದಿನ ಬೆವರು. ಆ ಎಂಟೂವರೆಯೊಳಗೆ ನಮ್ಮನ್ನು ಎಷ್ಟು ಹಿಂಡಬಹುದೋ ಅಷ್ಟು ಹಿಂಡುವುದೇ ನಮ್ಮ ಕೋಚ್‌ರ ಬದುಕಿನ ಗುರಿಯಾಗಿತ್ತು. ಈಜು, ಸೈಕಲ್, ಓಟ, ಮೂರನ್ನೂ ನಡುವೆ ಉಸಿರು ಬಿಡದೆ ಮುಗಿಸುವ ಆಟಕ್ಕೆ ಟ್ರಯಥ್ಲಾನ್ ಎನ್ನುತ್ತಾರೆಂದು ನಾನು ಬಿ.ಸಿ.ರೋಡಿನಲ್ಲಿ ಅಂಗಡಿ ಇಟ್ಟಿದ್ದ ಮಾವನಿಗೆ ವಿವರಿಸಿದ್ದೆ. ಹೊಳೆ ದಾಟುವ ಸಂಕ ಮುರಿದು ಬಸ್ಸೂ ತಪ್ಪಿದವರು ಮಾಡುವ ಕೆಲಸ ಅಲ್ಲವಾ ಅದು, ಎಂದು ಕೇಳಿ ಅವರು ಸಕ್ಕರೆ ತೂಗಲು ಹೋದರು.

ನನಗೆ ಕಾಲಿಗಿಂತ ಗಂಟಲು ಬಲ. ಒಮ್ಮೆ ಬಿ.ಸಿ.ರೋಡಿನ ಬಸ್ ನಿಲ್ದಾಣದಲ್ಲಿ ಕಂಬದ ಮರೆಗೆ ನಿಂತು ಕಂಡಕ್ಟರನ ದನಿಯಲ್ಲಿ ‘ಬೆಳ್ತಂಗಡಿ, ಬೆಳ್ತಂಗಡಿ’ ಎಂದು ಕೂಗಿದ್ದಕ್ಕೆ ಮೂಡುಬಿದಿರೆಯ ಬಸ್ಸಿನಿಂದ ಎಂಟು ಜನ ಇಳಿದಿದ್ದರು. ಯಾರ ನಡಿಗೆ, ಯಾರ ಕೆಮ್ಮು ಬೇಕಾದರೂ ಮಾಡಿ ತೋರಿಸುತ್ತಿದ್ದೆ. ವೇಗವಾಗಿ ಓಡುವವನ ನಕಲು ಮಾತ್ರ ಬರಲಿಲ್ಲ. ನಾನು ಓಡುವುದು ಚಪ್ಪಲಿ ಹರಿದ ಮದುಮಗನ ಹಾಗೆ ಎಂದು ಕೋಚ್ ಹೇಳುತ್ತಿದ್ದರು. ಅವರ ಉಪಮೆಗಳಲ್ಲಿ ಅದೇ ಮೆದುವಾದದ್ದು.

ಕೋಚ್ ನೌಕಾಪಡೆಯಲ್ಲಿ ಇದ್ದು ಬಂದವರು. ಸೈಕಲಿನಿಂದ ಬಿದ್ದು ಮೇಲಿನ ಹಲ್ಲುಗಳನ್ನು ಕಳೆದುಕೊಂಡು ಸೆಟ್ ಕಟ್ಟಿಸಿಕೊಂಡಿದ್ದರು. ಆ ಸೆಟ್ಟಿನ ಗುಲಾಬಿ ತಟ್ಟೆ ಅಂಗುಳಕ್ಕೆ ಅಂಟಿ ಕೂತು, ನಾಲಗೆ ಮೇಲೆ ಮಡಚಲು ಜಾಗವೇ ಉಳಿದಿರಲಿಲ್ಲ. ಹಾಗಾಗಿ ಅವರ ಬಾಯಲ್ಲಿ ‘ಟ’ ಸತ್ತು ‘ತ’ ಆಗಿತ್ತು. ಊಟ ಊತವಾಯಿತು, ಗಂಟೆ ಗಂತೆಯಾಯಿತು. ನಾನು ಅಂಗುಳಕ್ಕೆ ನೆನೆದ ಬಿಸ್ಕತ್ತು ಅಂಟಿಸಿಕೊಂಡು ಒಂದು ವಾರ ಅಭ್ಯಾಸ ಮಾಡಿದೆ. ಆಮೇಲೆ ಬಿಸ್ಕತ್ತೂ ಬೇಕಾಗಲಿಲ್ಲ.

ಆ ವರ್ಷ, ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ, ಮೂಡುಬಿದಿರೆಯ ಬಾಡಿಗೆ ಕೋಣೆಯಲ್ಲಿ ಐದು ಜನ ತರಬೇತಿ ಶುರು ಮಾಡಿದ್ದೆವು. ಡಿಸೆಂಬರ್ ಮುಗಿಯುವಾಗ ಇಬ್ಬರು ಉಳಿದೆವು: ನಾನು ಮತ್ತು ನೆರಿಯ ಎಂಬ ಊರಿನವನು. ನೆರಿಯದವನು ಕಾಡಂಚಿನ ಹೊಳೆಯಲ್ಲಿ ಈಜು ಕಲಿತವನು. ಅವನಿಗೆ ಚಳಿ ಎಂಬುದು ಇತರರಿಗೆ ಆಗುವ ಕಾಯಿಲೆ. ನಾಲ್ಕೂವರೆಗೆ ನನ್ನ ಕಂಬಳಿ ಎಳೆಯುತ್ತಿದ್ದವನು ಅವನು, ಕುಚ್ಚಲಕ್ಕಿ ಗಂಜಿ ಬೇಯಿಸುತ್ತಿದ್ದವನು ಅವನು, ಓಡಿ ಬಂದ ಮೇಲೆ ನನ್ನ ಮೀನಖಂಡಕ್ಕೆ ಎಣ್ಣೆ ತಿಕ್ಕುತ್ತಿದ್ದವನೂ ಅವನೇ. ಇದಕ್ಕೆಲ್ಲ ಪ್ರತಿಯಾಗಿ ನಾನು ಅವನು ಗಂಜಿ ಸುರಿಯುವ ಸದ್ದನ್ನು ಮಾಡಿ ತೋರಿಸುತ್ತಿದ್ದೆ. ಅವನು ಮನಸಾರೆ ನಗುತ್ತಿದ್ದ. ಅದು ನನಗೆ ಸಿಟ್ಟು ತರಿಸುತ್ತಿತ್ತು.

ಉಳಿದಿದ್ದುದು ಒಂದೇ ಸ್ಥಾನ. ಬಂಟ್ವಾಳದವರೇ ಆದ, ಗಲ್ಫಿನಲ್ಲಿ ವ್ಯಾಪಾರ ಇದ್ದ ಹಾಜಿಯವರೊಬ್ಬರು ಅಲ್ಲಿ ಟ್ರಯಥ್ಲಾನ್ ತಂಡ ಕಟ್ಟುತ್ತಿದ್ದರು. ಊರಿನ ಒಬ್ಬನಿಗೆ ಸಂಬಳ, ಒಳ್ಳೆಯ ಸೈಕಲ್, ವರ್ಷವಿಡೀ ಸ್ಪರ್ಧೆ. ಸಂಕ್ರಾಂತಿಯ ಮೊದಲು ಬಂದು ಒಬ್ಬನನ್ನು ಆರಿಸುತ್ತೇನೆಂದು ಕೋಚ್‌ಗೆ ಹೇಳಿದ್ದರು. ಸಿಗದಿದ್ದರೆ ನೆರಿಯದವನು ಮುಂಬೈಗೆ ಹೋಗಬೇಕಿತ್ತು. ಅವನ ಅಣ್ಣ ಅಲ್ಲಿನ ಹೋಟೆಲಿನಲ್ಲಿ ಜಾಗ ಹಿಡಿದಿಟ್ಟು, ಸಂಕ್ರಾಂತಿಯ ಮೇಲೆ ಒಂದು ದಿನವೂ ಕಾಯುವುದಿಲ್ಲ ಎಂದಿದ್ದ. ನನಗೆ ಸಿಗದಿದ್ದರೆ ಮಾವನ ಅಂಗಡಿ ಇತ್ತು. ಸಕ್ಕರೆ ತೂಗಿದರೆ ಸಾಕು. ಯಾರಿಗೆ ಹೆಚ್ಚು ಅಗತ್ಯ ಎಂದು ನನಗೆ ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ.

ಪರೀಕ್ಷೆಯ ದಾರಿ ಸುಲಭ. ಬಂಟ್ವಾಳದಲ್ಲಿ ನೇತ್ರಾವತಿಯಲ್ಲಿ ನಾಲ್ಕು ಸುತ್ತು ಈಜಬೇಕು, ಒಂದು ಕಡಿಮೆಯಾದರೂ ಆಟದಿಂದ ಹೊರಗೆ. ಅಲ್ಲಿಂದ ಸೈಕಲಿನಲ್ಲಿ ಮಡಂತ್ಯಾರು ದಾಟಿ ಬೆಳ್ತಂಗಡಿ, ಬೆಳ್ತಂಗಡಿಯಿಂದ ತಿರುಗಿ ವೇಣೂರಿನ ಮೇಲೆ ಮೂಡುಬಿದಿರೆ. ಮೂಡುಬಿದಿರೆಯಲ್ಲಿ ಓಟ.

ಈಜಿನಲ್ಲಿ ಒಂದು ತೊಂದರೆ ಇತ್ತು. ನೆರಿಯದವನು ಸುತ್ತು ಎಣಿಸುತ್ತಿರಲಿಲ್ಲ. ಎಣಿಸಿದರೆ ಉಸಿರು ತಪ್ಪುತ್ತದೆ ಎಂದು ಎಣಿಕೆಯನ್ನು ಪೂರ್ತಿ ಕೋಚ್‌ಗೆ ಬಿಟ್ಟಿದ್ದ. ಕೋಚ್ ದೋಣಿಯಲ್ಲಿ ಕೂತು ಎಷ್ಟು ಸುತ್ತು ಬಾಕಿ ಎಂದು ಕೂಗುತ್ತಿದ್ದರು: ‘ಮೂರು ಉಂತು’, ‘ಒಂದು ಉಂತು’. ಅವರು ಹೇಳುತ್ತಿದ್ದುದು ಉಂಟು, ಅಂದರೆ ಇದೆ. ಆದರೆ ನಾವು ಮನೆಯಲ್ಲಿ ಆಡುವುದು ತುಳು, ಮತ್ತು ತುಳುವಿನಲ್ಲಿ ಉಂತು ಎಂದರೆ ನಿಲ್ಲು. ಮೊದಲಿಗೆ ಸಂಖ್ಯೆ ಇದ್ದರೆ ಕನ್ನಡ, ಇಲ್ಲದಿದ್ದರೆ ತುಳು ಎಂಬುದು ನಮ್ಮೊಳಗಿನ ವ್ಯಾಕರಣ. ಇದರ ಬಗ್ಗೆ ಎಷ್ಟೋ ಸಲ ನಕ್ಕಿದ್ದೇವೆ.

ಆ ಬೆಳಿಗ್ಗೆ ನದಿಯ ಮೇಲೆ ಮಂಜು ಹತ್ತಿಯ ಹಾಗೆ ಕೂತಿತ್ತು. ದೋಣಿ ಕಾಣುತ್ತಿರಲಿಲ್ಲ, ಕೋಚ್ ಬರೀ ದನಿಯಾಗಿದ್ದರು. ಹಾಜಿಯವರು ಮೂಡುಬಿದಿರೆಯಲ್ಲಿ ಕಾಯುತ್ತಿದ್ದರು. ದಡದಲ್ಲಿ ನಮ್ಮ ಎರಡು ಸೈಕಲ್‌ಗಳ ಹೊರತು ಯಾರೂ ಇಲ್ಲ. ಮೂರನೆಯ ಸುತ್ತು ಮುಗಿಯುವಾಗ ನೆರಿಯದವನು ನನಗಿಂತ ನಾಲ್ಕು ಮಾರು ಮುಂದಿದ್ದ. ಸೈಕಲ್ ಹತ್ತಿದ ಮೇಲೆ ಅವನು ನನಗೆ ಕಾಣುವುದೂ ಇಲ್ಲ ಎಂಬುದು ನನಗೆ ಗೊತ್ತಿತ್ತು. ದಡದ ಹತ್ತಿರ ತಿರುವು ತೆಗೆಯುತ್ತಾ ಅವನು ಎಂದಿನಂತೆ ತಲೆ ಎತ್ತಿ ದನಿಗಾಗಿ ಕಾದ. ದೋಣಿಯ ಸದ್ದು ಆಚೆ ತುದಿಯಿಂದ ಬರುತ್ತಿತ್ತು, ಕೋಚ್ ಇನ್ನೂ ಕೂಗಿರಲಿಲ್ಲ.

ನಾನು ನಾಲಗೆಯನ್ನು ಕೆಳಗೆ ಒತ್ತಿ ಹಿಡಿದು, ಕೋಚ್ ಆಗಿ, ಒಂದೇ ಒಂದು ಸಲ ಕೂಗಿದೆ: “ಉಂತು.”

ಸುಳ್ಳು ಹೇಳಿದೆ ಎನ್ನುವಂತಿಲ್ಲ ನೋಡಿ. ಇನ್ನೂ ಒಂದು ಸುತ್ತು ಉಂಟು ಎಂಬುದು ನಿಜವೇ. ನಾನು ಬಿಟ್ಟದ್ದು ‘ಒಂದು’ ಎಂಬ ಶಬ್ದ ಮಾತ್ರ.

ನೆರಿಯದವನು ದಡ ಹತ್ತಿ, ಒದ್ದೆ ಮೈಯಲ್ಲೇ ಸೈಕಲ್ ಏರಿ ಹೋದ. ಆಮೇಲೆ ಮಂಜಿನಾಚೆಯಿಂದ ಕೋಚ್ ‘ಒಂದು ಉಂತು’ ಎಂದದ್ದು ನನಗೊಬ್ಬನಿಗೇ ಕೇಳಿತು. ನಾನು ಮಂಜಿನೊಳಗೆ ನಾಲ್ಕನೆಯ ಸುತ್ತನ್ನು ಬಹಳ ಪ್ರಾಮಾಣಿಕವಾಗಿ ಈಜಿದೆ. ದಡಕ್ಕೆ ಬಂದಾಗ ಕೋಚ್ ದೋಣಿಯಿಂದ ಇಳಿದು, ಅವನೆಲ್ಲಿ ಎಂದು ಕೇಳಿದರು. ಹೋದ ಎಂದೆ. ಅವನಿಗೆ ಮೂರೇ ಆದದ್ದು ಎಂದು ಅವರು ನೀರಿಗೇ ಹೇಳಿದರು.

ಮಡಂತ್ಯಾರಿನ ಏರಿನಲ್ಲಿ ಕೋಚ್‌ರ ಜೀಪು ನನ್ನನ್ನು ದಾಟಿ ಹೋಯಿತು. ನೆರಿಯದವನನ್ನು ಬೆಳ್ತಂಗಡಿಯ ಹತ್ತಿರ ಹಿಡಿದರೂ ಅವರು ಏನೂ ಹೇಳಲಿಲ್ಲವಂತೆ. ಅವನು ಅಷ್ಟು ಚಂದ ತುಳಿಯುತ್ತಿದ್ದನಂತೆ, ನಿಲ್ಲಿಸಲು ಮನಸ್ಸಾಗಲಿಲ್ಲವಂತೆ. ಹೀಗೆ ಆಗಲೇ ಸೋತ ಮನುಷ್ಯನೊಬ್ಬ ಆ ದಿನ ಬೆಳ್ತಂಗಡಿಯಿಂದ ಮೂಡುಬಿದಿರೆಗೆ ಬಸ್ಸುಗಳನ್ನು ಹಿಂದಿಕ್ಕುತ್ತಾ ಬಂದ. ಓಟವನ್ನೂ ಮುಗಿಸಿ, ನಾನು ಬರುವಷ್ಟರಲ್ಲಿ ಮೈದಾನದ ಅಂಚಿನಲ್ಲಿ ಕೂತು ಎಳನೀರು ಕುಡಿದಿದ್ದ. ನನಗೂ ಒಂದು ಕೆತ್ತಿಸಿಟ್ಟಿದ್ದ.

ಅವನು ಈಜಿದ್ದು ಮೂರೇ ಸುತ್ತು ಎಂದು ಕೋಚ್ ಆಗ ಹೇಳಿದರು. ನೆರಿಯದವನಿಗೆ ಮೊದಲು ಅರ್ಥವಾಗಲಿಲ್ಲ.

“ನೀವೇ ಅಲ್ವಾ ಸರ್ ನಿಲ್ಲು ಅಂದದ್ದು?”

“ನಾನು ಅಂದದ್ದು ಉಂತು ಅಲ್ಲ ಮಾರಾಯ,” ಎಂದರು ಕೋಚ್, “ಉಂತು.”

ಎರಡೂ ಒಂದೇ ಆಗಿ ಕೇಳಿತು. ಅವರಿಗೂ ಕೇಳಿತು. ಮತ್ತೊಮ್ಮೆ ಪ್ರಯತ್ನಿಸಿದರು, ಮತ್ತೂ ಅದೇ. ಹಾಜಿಯವರ ಎದುರು, ನಮ್ಮಿಬ್ಬರ ಎದುರು, ನಲವತ್ತು ವರ್ಷ ಜನರನ್ನು ಗದರಿಸಿ ಬದುಕಿದ ಮನುಷ್ಯ ಒಂದು ಅಕ್ಷರಕ್ಕಾಗಿ ಬಾಯಿ ತೆರೆದು ಮುಚ್ಚಿ ಮಾಡಿದರು. ನನಗೆ ನಗು ಬಂತು. ಇದನ್ನು ಬರೆಯದೆ ಬಿಟ್ಟರೆ ಉಳಿದದ್ದು ಬರೆದು ಪ್ರಯೋಜನವಿಲ್ಲ: ನನಗೆ ನಗು ಬಂತು.

ಹಾಜಿಯವರು ನನ್ನ ಕಡೆ ತಿರುಗಿದರು. “ನೀನು ಹಿಂದೆಯೇ ಇದ್ದದ್ದಲ್ವಾ? ನಿನಗೆ ಎಂತ ಕೇಳಿತು?”

ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಸರಿಯಾಗಿ ಕೇಳಲಿಲ್ಲ ಎಂದಿದ್ದರೂ ಆಗುತ್ತಿತ್ತು. ಆದರೆ ನನ್ನ ಎದುರು ಜನ ಕಾಯುತ್ತಿದ್ದರು, ಮತ್ತು ಜನ ಕಾಯುವಾಗ ನನ್ನ ಗಂಟಲು ನನ್ನ ಮಾತು ಕೇಳುವುದಿಲ್ಲ. ಹೀಗೆ ಕೇಳಿತು ಎಂದು ಹೇಳಿ ಮಾಡಿ ತೋರಿಸಿದೆ. ಮೈದಾನದಲ್ಲಿ ಕೋಚ್ ಮಾತಾಡುವ ರೀತಿಯಲ್ಲಿ ಅಲ್ಲ. ನದಿಯಲ್ಲಿ ನಾನು ಕೂಗಿದ ರೀತಿಯಲ್ಲಿ, ಆ ಕೊನೆಯ ಎಳೆತ, ನೀರು ನುಂಗಿದವನ ಆ ಒರಟು ಎಲ್ಲವೂ ಸೇರಿ. ಹಾಜಿಯವರು ನಕ್ಕರು. ಕೋಚ್ ತಲೆ ತಗ್ಗಿಸಿ, ಅದು ತನ್ನದೇ ದನಿ, ತಪ್ಪು ತನ್ನದೇ ಎಂದರು.

ನೆರಿಯದವನು ನಗಲಿಲ್ಲ. ಕೋಚ್ ದೋಣಿಯಲ್ಲಿ ಕೂತು ಕೂಗುತ್ತಾರೆ, ನೀರು ನುಂಗುವುದಿಲ್ಲ. ಅದು ಅವನಿಗೆ ಹೊಳೆದದ್ದನ್ನು ನಾನು ಅವನ ಮುಖದಲ್ಲೇ ನೋಡಿದೆ.

ನಾಳೆ ಮತ್ತೊಮ್ಮೆ ಈಜಿಸುವ ಎಂದು ಕೋಚ್ ಬೇಡಿಕೊಂಡರು. ಹಾಜಿಯವರ ವಿಮಾನ ಅಂದೇ ಸಂಜೆಗಿತ್ತು, ನಿಯಮ ನಿಯಮವೇ ಎಂದರು. ನೆರಿಯದವನು ಒಂದು ಮಾತು ಹೇಳಿದ್ದರೆ ನನ್ನ ಕತೆ ಅಲ್ಲಿಗೆ ಮುಗಿಯುತ್ತಿತ್ತು. ಅವನು ಹೇಳಲಿಲ್ಲ. ಸಂಜೆ ಚೀಲ ಕಟ್ಟಿ ಬೆಳ್ತಂಗಡಿಯ ಬಸ್ಸು ಹತ್ತಿ ಕೂತ. ನಾನು ಕಿಟಕಿಯ ಕೆಳಗೆ ನಿಂತೆ. ಬೈದುಬಿಟ್ಟರೆ ಇಬ್ಬರಿಗೂ ಸುಲಭ ಎಂದು ಅನಿಸಿತು.

“ಹೇಳಿದರೆ ನಿನ್ನನ್ನು ಕೈಬಿಡ್ತಾರೆ,” ಎಂದ ಅವನು, ಮೆಲ್ಲಗೆ. “ಹಾಜಿಯವರು ಹೇಗೂ ಇವತ್ತು ಹೋಗ್ತಾರೆ. ಆಗ ಇಬ್ಬರಿಗೂ ಇಲ್ಲ. ನೀನಾದರೂ ಹೋಗು. ಹೋಗಿ ಈಜು, ಸುಸ್ತಾಗಿ ಸಾಯುವಷ್ಟು ಈಜು.”

ಅದು ಹಾರೈಕೆಯೋ ಶಾಪವೋ ಕೇಳುವ ಮೊದಲು ಬಸ್ಸು ಹೊರಟಿತು.

ಗಲ್ಫಿನಲ್ಲಿ ಮೂರು ವರ್ಷ ಈಜಿದೆ. ಒಮ್ಮೆಯೂ ಮೊದಲ ಹತ್ತರೊಳಗೆ ಬರಲಿಲ್ಲ. ನೆರಿಯದವನು ಮುಂಬೈಯಲ್ಲಿ ಗಲ್ಲಾದಲ್ಲಿ ಕೂತು ದಪ್ಪಗಾಗಿದ್ದಾನೆ ಎಂದು ಕೇಳಿದ್ದೇನೆ. ಕೋಚ್ ಆ ದಿನವೇ ಹಲ್ಲಿನ ಸೆಟ್ ತೆಗೆದು ಡಬ್ಬಿಗೆ ಹಾಕಿದವರು ಮತ್ತೆ ಹಾಕಿಕೊಂಡಿಲ್ಲ. ಹುಡುಗರಿಗೆ ಕಲಿಸುವುದನ್ನೂ ಬಿಟ್ಟರು. ಕಳೆದ ರಜೆಯಲ್ಲಿ ಎಲ್ಲ ಹೇಳಿಬಿಡುತ್ತೇನೆಂದು ಅವರ ಮನೆಗೆ ಹೋದೆ. ಅವರು ಬಾಗಿಲು ತೆರೆದು ವಸಡು ತೋರಿಸಿ ನಕ್ಕರು. ನನಗೆ ಚಾ, ತನಗೆ ಚಾದಲ್ಲಿ ಅದ್ದಿದ ರೊಟ್ಟಿ ತಂದು ಕೂತರು. “ನೆರಿಯದವನಿಗೆ ನಾನು ಅನ್ಯಾಯ ಮಾಡಿದೆ, ಅಲ್ವಾ?” ಎಂದು ಕೇಳಿದರು.

ನಾನು ಚಾ ಕುಡಿದು ಮುಗಿಸಿದೆ. ಇನ್ನೊಂದು ಲೋಟ ತರಲಾ ಎಂದರು. ಅದನ್ನೂ ಕುಡಿದೆ.