ಉಟ್ಟ ಪಂಚೆಯ ಪರಾಕ್ರಮ

"ಬಿಚ್ಚಿ ಕೊಡ್ರೀ ಆ ಪಂಚೇನ!" ಎಂದು ನನ್ನಾಕೆ ಬಿಸಿ ಇಸ್ತ್ರಿಪೆಟ್ಟಿಗೆ ಹಿಡಿದು ಗುಡುಗಿದಾಗ ನಾನು ಅದನ್ನು ಉಟ್ಟೇ ಇದ್ದೆ.

ದಿಬ್ಬೂರಹಳ್ಳಿಯ ನಮ್ಮ ಮನೆಯಲ್ಲಿ ಮಹಿಳಾ ಥ್ರೋಬಾಲ್ ತಂಡದ ಜೆರ್ಸಿಗಳಿಗೆ ಇಸ್ತ್ರಿಯ ಶಾಖದಿಂದ ನಂಬರು ಅಂಟಿಸುವ ಮಹಾಕಾರ್ಯ ನಡೆದಿತ್ತು. ಮಧ್ಯಾಹ್ನವೇ ಪಂದ್ಯ, ನಾಯಕಿ ನನ್ನಾಕೆ. ಬಟ್ಟೆ ಸುಡದಿರಲೆಂದು, ರೇಷ್ಮೆಹುಳದ ತಟ್ಟೆಗೆ ಹಾಸುವ ಮೇಣದ ಕಾಗದವನ್ನು ಮೇಲಿಟ್ಟು ಹಳೇ ಬನಿಯನ್ನಿನ ಮೇಲೆ ಪರೀಕ್ಷಿಸಿದೆವು. ಮೇಣ ಕರಗಿ ಬನಿಯನ್ನಿಗೆ ಮೋಕ್ಷವಾಯಿತು. ಕಾಗದದ ಬದಲು ಏನು ಹೊದಿಸುವುದೆಂದು ಹುಡುಕಿದ ಆಕೆಯ ಕಣ್ಣು ನನ್ನ ಪಂಚೆಯ ಮೇಲೆ ಬಿದ್ದಿತ್ತು.

"ಬೇರೆ ಬಟ್ಟೆ ಇಲ್ವೇನೇ?" ಎಂದೆ.

"ತೆಳು ಕಾಟನ್ನು, ಬಣ್ಣ ಬಿಡಲ್ಲ. ಇದೇ ಆಗ್ಬೇಕು. ನೀವು ಟವಲ್ ಸುತ್ಕೊಳಿ!"

ಪಂಚೆ ಹೊದಿಸಿ ಮತ್ತೆ ಬನಿಯನ್ನಿನ ಮೇಲೆ ಒತ್ತಿದಾಗ ಪಂಚೆಯೇ ಕಂದಿತು. ಆಕೆ ಶಾಖ ತಗ್ಗಿಸಿದಳು. ಆಮೇಲೆ ಒಂದೊಂದೇ ಜೆರ್ಸಿಗೆ ಪಂಚೆ ಹೊದಿಸಿ, ಇಸ್ತ್ರಿಯನ್ನು ಉಜ್ಜದೆ ಒತ್ತಿ ಒತ್ತಿ ಎತ್ತಿದಳು. ನಂಬರುಗಳು ಭದ್ರವಾಗಿ ಕೂತವು. ಎಲ್ಲೂ ಒಂದು ಸುಟ್ಟ ಕಲೆಯಿಲ್ಲ.

ಸಂಜೆ ಸೋತ ಸಾದಲಿ ತಂಡದವರು ಆಟದ ಗುಟ್ಟು ಕೇಳಲಿಲ್ಲ. "ನಂಬರು ಯಾವ ಅಂಗಡೀಲಿ ಹಾಕ್ಸಿದ್ರಕ್ಕಾ?" ಎಂದರು.

ಕಪ್ ಗೆದ್ದವರು ನನ್ನಾಕೆಯ ತಂಡದವರು, ನಿಜ. ಆದರೆ ಆ ಪ್ರಶ್ನೆ ಕೇಳಿದಾಗ ಮೈದಾನದಲ್ಲಿ ಎದೆಯುಬ್ಬಿಸಿ ನಿಂತವನು ನಾನೊಬ್ಬನೇ.