ಭತ್ತವೋ ಹತ್ತಿಯೋ

ನಾನು ಗಂಗಾವತಿಯವನು. ಅಪ್ಪ ರೈಸ್ ಮಿಲ್ಲಿನಲ್ಲಿ ಲಾರಿ ತುಂಬಿಸುವ ಮೇಸ್ತ್ರಿ. ನಮ್ಮ ಕಡೆ ಲಾರಿ ತುಂಬಿತು ಎಂದರೆ ಅದು ಹೊರುವ ತೂಕ ಮುಗಿಯಿತು ಎಂದೇ ಅರ್ಥ. ಚೀಲಗಳ ಮೇಲೆ ಇನ್ನೂ ಜಾಗ ಉಳಿದಿದ್ದರೂ ಅಪ್ಪ ಒಂದು ಚೀಲ ಹೆಚ್ಚಿಗೆ ಹಾಕಲು ಬಿಡುತ್ತಿರಲಿಲ್ಲ. ಆ ಬುದ್ಧಿಯನ್ನೇ ಹೊತ್ತುಕೊಂಡು ನಾನು ವಿಮಾನದ ಕೆಲಸಕ್ಕೆ ಹೋದೆ.

ನಮ್ಮದು ಇವತ್ತು ಕೊಟ್ಟ ಪಾರ್ಸೆಲ್ಲನ್ನು ನಾಳೆಯೇ ದೂರದ ಊರಿಗೆ ಮುಟ್ಟಿಸುವ ಕಂಪನಿ. ಬಾಡಿಗೆಗೆ ಯಾವ ವಿಮಾನ ತರಬೇಕೆಂದು ಹೇಳುವ ಕೆಲಸ ಒಮ್ಮೆ ನನ್ನ ಪಾಲಿಗೆ ಬಂತು. ಎದುರಿಗೆ ಎರಡಿದ್ದವು. ಎರಡೂ ಸೀಟು ಕಿತ್ತು ಸರಕಿಗೆ ಸಜ್ಜುಗೊಳಿಸಿದ, ಕಿರಿದಾದ ಒಡಲಿನ ಹಳೇ ವಿಮಾನಗಳು; ಒಂದು ಗಿಡ್ಡ, ಒಂದು ಉದ್ದ. ಹೊರುವ ತೂಕ ಹೆಚ್ಚುಕಡಿಮೆ ಒಂದೇ. ಉದ್ದನೆಯದರಲ್ಲಿ ಜಾಗ ಜಾಸ್ತಿ, ಇಂಧನದ ಖರ್ಚೂ ಜಾಸ್ತಿ. ಅಷ್ಟೇ ತೂಕ ಹೊರುವುದಕ್ಕೆ ಉದ್ದನೆಯದು ಯಾಕೆ ಬೇಕು ಎಂದುಕೊಂಡೆ.

ಅದೇ ವಾರ ಹೆಂಡತಿಯ ತವರಿನಲ್ಲಿ ತೊಟ್ಟಿಲ ಕಾರ್ಯಕ್ರಮವಿತ್ತು. ಯಲಬುರ್ಗಾ ಕಡೆಯ ಒಣ ಬೇಸಾಯದ ಊರು ಅದು. ಮಾವ ಪ್ರಾಯದಲ್ಲಿದ್ದಾಗ ಕುಕನೂರಿಗೆ ಎತ್ತಿನ ಚಕ್ಕಡಿಯಲ್ಲಿ ಹತ್ತಿ ಹೇರಿಕೊಂಡು ಹೋಗುತ್ತಿದ್ದವರು. ನಾನು ಹೋದಾಗಲೆಲ್ಲ ಮಗ್ಗುಲಲ್ಲಿ ಕೂರಿಸಿಕೊಂಡು ವಿಮಾನದ ವಿಷಯ ಕೇಳುತ್ತಿದ್ದರು. ಕೇಳಿದ್ದನ್ನು ಸಂತೆಯಲ್ಲಿ ನಾಲ್ಕು ಜನಕ್ಕೆ ಹೇಳಿ ಹಿಗ್ಗುತ್ತಿದ್ದರು. ಸ್ವಂತ ಅಪ್ಪನೂ ನನ್ನ ಕೆಲಸದ ಬಗ್ಗೆ ಅಷ್ಟು ಕೇಳಿದವನಲ್ಲ.

ಅಂದು ಕುಷ್ಟಗಿಯಿಂದ ಬಂದ ಬೀಗರೆಲ್ಲ ಪಡಸಾಲೆಯಲ್ಲಿ ಕೂತಿದ್ದರು. ನಾನು ಗಿಡ್ಡ ಉದ್ದಗಳ ಕಥೆಯನ್ನು ಗತ್ತಿನಿಂದ ಬಿಚ್ಚಿದೆ. ಮಾವ ಪೂರ್ತಿ ಕೇಳಿಸಿಕೊಂಡು, "ಅಳಿಯಾರ, ನಿಮ್ಮ ಮಂದಿ ಕಳಸೂದು ಭತ್ತೋ, ಹತ್ತಿಯೋ?" ಎಂದರು.

ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತಲ್ಲ ಎಂದು ನನಗೆ ನಗು ಬಂತು. "ಮಾವಾರ, ಇದು ಚಕ್ಕಡಿ ಅಲ್ರಿ, ವಿಮಾನ," ಎಂದೆ. ಬೀಗರೆಲ್ಲ ನಕ್ಕರು. ಮಾವನೂ ನಕ್ಕಂತೆ ಮಾಡಿ, ಊಟಕ್ಕೆ ಎಲೆ ಹಾಕಿದ್ದಾರೋ ಇಲ್ಲವೋ ನೋಡುತ್ತೇನೆಂದು ಎದ್ದು ಹೋದರು.

ನನ್ನ ಮಾತಿನಂತೆ ಗಿಡ್ಡ ವಿಮಾನವೇ ಬಂತು. ಜನ ಕಳಿಸುತ್ತಿದ್ದದ್ದು ಚಪ್ಪಲಿ, ಅಂಗಿ, ಒಳಗೆ ಬರೀ ಗಾಳಿ ತುಂಬಿದ ದೊಡ್ಡ ದೊಡ್ಡ ಡಬ್ಬಿ. ಅರ್ಧ ತೂಕಕ್ಕೇ ವಿಮಾನ ಬಾಗಿಲ ತನಕ ತುಂಬಿಬಿಡುತ್ತಿತ್ತು. ದಿನಾ ಒಂದಷ್ಟು ಡಬ್ಬಿ ನೆಲದ ಮೇಲೆಯೇ ಉಳಿಯುತ್ತಿದ್ದವು. ಅವುಗಳ ಮುಂದೆ ನಿಂತಾಗ ನನಗೆ ಹತ್ತಿ ಹೇರಿದ ಚಕ್ಕಡಿ ಕಣ್ಣ ಮುಂದೆ ಬಂತು. ಎತ್ತಿಗೆ ಭಾರವೇ ಇಲ್ಲ, ಆದರೂ ಇನ್ನೊಂದು ಹಿಡಿ ಹತ್ತಿಗೆ ಜಾಗವಿಲ್ಲ. ಕೋಣ ಯಾರೆಂಬುದು ಅಂದು ತಿಳಿಯಿತು.

ಕಂಪನಿಯವರು ಆಮೇಲೆ ಉದ್ದನೆಯದನ್ನು ತಂದು ಸರಿಮಾಡಿಕೊಂಡರು. ಮಾವನ ಮುಂದೆ ತಪ್ಪೊಪ್ಪಿಕೊಳ್ಳಲು ಮಾತ್ರ ನನಗೆ ವರ್ಷಗಟ್ಟಲೆ ನಾಲಿಗೆ ಏಳಲಿಲ್ಲ. ಅಷ್ಟರಲ್ಲಿ ಅವರು ನನ್ನ ಕೆಲಸದ ಮಾತನ್ನೇ ಬಿಟ್ಟಿದ್ದರು. ಹೋದರೆ ಮಳೆ ಬೆಳೆ ವಿಚಾರಿಸುವರು, ಮಕ್ಕಳ ಸಾಲೆ ವಿಚಾರಿಸುವರು, ಅಷ್ಟೇ. ಮಗ್ಗುಲಲ್ಲಿ ಕೂರಿಸಿಕೊಳ್ಳುವುದೂ ನಿಂತಿತ್ತು.

ಕೊನೆಗೊಮ್ಮೆ ಕಟ್ಟೆಯ ಮೇಲೆ ಅವರೊಬ್ಬರೇ ಸಿಕ್ಕಾಗ ಎಲ್ಲ ಹೇಳಿದೆ. ಅಂದು ನಿಮ್ಮ ಬುದ್ಧಿಮಾತು ಕೇಳಬೇಕಿತ್ತು ಎಂದೆ.

"ನಾ ಬುದ್ಧಿ ಹೇಳಿದ್ದಿಲ್ರಿ, ಅಳಿಯಾರ. ವಿಮಾನದಾಗ ಏನು ಕಳಸ್ತಾರ ಅಂತ ನನಗ ಖರೇನ ಗೊತ್ತಿದ್ದಿಲ್ಲ. ಅದಕ್ಕ ಕೇಳಿದ್ದೆ."

ಅವರು ಕೇಳಿದಾಗ ನನಗೂ ಗೊತ್ತಿರಲಿಲ್ಲ; ಡಬ್ಬಿಗಳಲ್ಲಿ ಏನಿರುತ್ತದೆಂದು ನಾನು ಒಂದನ್ನೂ ಎತ್ತಿ ನೋಡಿರಲಿಲ್ಲ. ಈಗಲಾದರೂ ಕೇಳಲಿ, ಆಮೇಲೆ ತಂದ ವಿಮಾನ ಎಷ್ಟು ಉದ್ದ ಐತಿ ಎಂದು ಕೇಳಲಿ ಎಂದು ಕಾದು ಕೂತೆ. ಮಾವ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, ಈ ಸಲ ಮಳೆ ಗಂಗಾವತಿ ಕಡೆ ಹೆಂಗೈತಿ ಎಂದು ಕೇಳಿದರು.