ಆಷಾಢದ ಟೆನಿಸ್

ದಾವಣಗೆರೆಯ ಕೆ.ಬಿ. ಬಡಾವಣೆಯ ಗುರುಶಾಂತಮ್ಮನವರಿಗೆ ಆಷಾಢ ಮಾಸವೆಂದರೆ ಇಷ್ಟ. ಇದನ್ನು ಅವರು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಆಷಾಢದಲ್ಲಿ ಮದುವೆ ಇಲ್ಲ, ನಿಶ್ಚಿತಾರ್ಥ ಇಲ್ಲ, ಗೃಹಪ್ರವೇಶ ಇಲ್ಲ. ಹಾಗಾಗಿ ಗಂಡ ನಾಗರಾಜಪ್ಪನವರ ಪಾತ್ರೆ ಅಂಗಡಿಯಲ್ಲಿ ವ್ಯಾಪಾರವೂ ಇಲ್ಲ. ಪಾತ್ರೆ ಅಂಗಡಿಯವರ ಹೆಂಡತಿ ಆಷಾಢ ಬಂತೆಂದು ಹಿಗ್ಗಿದರೆ ಯಾರು ತಾನೇ ಮೆಚ್ಚುತ್ತಾರೆ? ಆದರೆ ಇಂಗ್ಲೆಂಡಿನಲ್ಲಿ ಹುಲ್ಲಿನ ಅಂಗಳದ ಮೇಲೆ ಆಡುವ ವಿಂಬಲ್ಡನ್ ಟೆನಿಸ್ ಹೆಚ್ಚಾಗಿ ಆ ದಿನಗಳಲ್ಲೇ ಬರುತ್ತಿತ್ತು. ಆಗ ಲಗ್ನಪತ್ರಿಕೆ ಹಿಡಿದು ಕರೆಯಲು ಯಾರೂ ಬರುವುದಿಲ್ಲ, ಮುಯ್ಯಿ ಮಾಡಲು ಯಾರ ಮನೆಗೂ ಹೋಗಬೇಕಿಲ್ಲ. ಸಂಜೆಯಿಡೀ ಟಿವಿ ಅವರದು.

ಈ ಹುಚ್ಚು ಹಿಡಿದದ್ದು ತೊಂಬತ್ತಮೂರರಲ್ಲಿ. ಚಹಾ ಕುಡಿದಿಟ್ಟ ಲೋಟಗಳನ್ನು ಎತ್ತಲು ಹಾಲ್‌ಗೆ ಬಂದವರು ಟಿವಿಯಲ್ಲಿ ಒಬ್ಬ ಎತ್ತರದ ಹೆಂಗಸು ಅಳುತ್ತಿರುವುದನ್ನು ಕಂಡರು. ಚೆಕ್ ದೇಶದ ಜಾನಾ ನೊವೊಟ್ನಾ. ಕೊನೆಯ ಸೆಟ್‌ನಲ್ಲಿ ನಾಲ್ಕು–ಒಂದು ಮುಂದಿದ್ದವಳು ಫೈನಲ್ ಸೋತಿದ್ದಳು. ಬಹುಮಾನ ಕೊಡಲು ಬಂದ ರಾಜಮನೆತನದ ಹೆಂಗಸಿನ ಹೆಗಲಿಗೆ ತಲೆಯಿಟ್ಟು ಅಳುತ್ತಿದ್ದಳು. ಅಷ್ಟು ಸಾವಿರ ಜನರ ಎದುರಿಗೆ ಅತ್ತರೂ ಆಕೆಗೆ ಯಾರೂ ‘ಒಳಗೆ ಹೋಗು’ ಎನ್ನಲಿಲ್ಲ. ಗುರುಶಾಂತಮ್ಮನವರು ಅಲ್ಲಿಯವರೆಗೆ ಅತ್ತದ್ದೆಲ್ಲ ಅಡುಗೆಮನೆಯಲ್ಲಿ. ಲೋಟ ಹಿಡಿದುಕೊಂಡು ನಿಂತೇ ಇದ್ದರಂತೆ.

ಅಂದಿನಿಂದ ಆಕೆ ಅವರ ಪಾಲಿಗೆ ‘ಜಾನವ್ವ’ ಆದಳು. ಆಟದ ಲೆಕ್ಕವನ್ನು ಅವರು ನೋಡಿ ನೋಡಿಯೇ ಕಲಿತರು. ಹದಿನೈದು, ಮೂವತ್ತು ಆದಮೇಲೆ ನಲವತ್ತೈದು ಬಿಟ್ಟು ನಲವತ್ತು ಯಾಕೆ ಎಂದು ಒಮ್ಮೆ ಗಂಡನನ್ನು ಕೇಳಿದ್ದರು.

“ಅದನ್ನ ನನ್ನ ಕೇಳ್ತಿಯಲ್ಲ, ನಾನೇನು ಅಲ್ಲಿ ಅಂಗಡಿ ಇಟ್ಟೀನಾ?” ಎಂದರು ನಾಗರಾಜಪ್ಪ. “ಹಂಗೆ ಲೆಕ್ಕ ಹಾಕಿದ್ರೆ ನಮ್ಮ ಅಂಗಡಿ ಮೂರು ದಿನಕ್ಕೆ ಮುಚ್ಚತೈತಿ.”

ತೊಂಬತ್ತೇಳರಲ್ಲಿ ಜಾನವ್ವ ಮತ್ತೆ ಫೈನಲ್‌ಗೆ ಬಂದಳು. ಹದಿನಾರು ವರ್ಷದ ಹಿಂಗಿಸ್ ಎಂಬ ಹುಡುಗಿಯ ಎದುರು ಮತ್ತೆ ಸೋತಳು. ತೊಂಬತ್ತೆಂಟರಲ್ಲಿ ಸೆಮಿಫೈನಲ್‌ನಲ್ಲಿ ಅದೇ ಹುಡುಗಿಯನ್ನು ಸೋಲಿಸಿ ಮೂರನೆಯ ಸಲ ಫೈನಲ್ ಮುಟ್ಟಿದಳು. ವಯಸ್ಸು ಇಪ್ಪತ್ತೊಂಬತ್ತು. ಇದು ತಪ್ಪಿದರೆ ಇನ್ನಿಲ್ಲ ಎಂದು ಗುರುಶಾಂತಮ್ಮನವರಿಗೆ ಖಚಿತವಾಗಿತ್ತು. ಐದು ವರ್ಷ ಆಕೆಯ ಸೋಲನ್ನು ಕಣ್ಣಾರೆ ನೋಡಿದ್ದರು. ಗೆಲುವನ್ನೂ ಕಣ್ಣಾರೆ ನೋಡಬೇಕು. ಶನಿವಾರ ಸಂಜೆ ಆರೂವರೆಗೆ ಆಟ. ಬೇರೆ ಯಾವ ಆಸೆಯೂ ಅವರಿಗೆ ಆ ವಾರ ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ ಪಾಲಯ್ಯ ಬಂದ. ಗಂಡು ಹೆಣ್ಣಿನ ಸಂಬಂಧ ಕೂಡಿಸುವುದು ಅವನ ಕೆಲಸ. ಹರಿಹರದ ಉಚ್ಚೆಂಗೆಮ್ಮನವರ ಮಗ ಬಕ್ಕೇಶನಿಗೆ ಗುರುಶಾಂತಮ್ಮನವರ ಮಗಳು ಸ್ನೇಹಾಳನ್ನು ಕೇಳುವ ಮಾತು ಬೇಸಿಗೆಯಿಂದಲೇ ನಡೆದಿತ್ತು. ಬಕ್ಕೇಶ ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ ಸಣ್ಣ ವರ್ಕ್‌ಶಾಪ್ ಇಟ್ಟಿದ್ದ.

“ಸಾಹುಕಾರ್ರೆ, ನಾಳೆ ಸಂಜಿಗೆ ಅವರನ್ನ ಕರ್ಕಂಡು ಬರ್ತೀನಿ,” ಎಂದ ಪಾಲಯ್ಯ.

“ಆಷಾಢದಾಗೆ ಹೆಣ್ಣು ನೋಡಾಕೆ ಬರ್ತಾರೇನೋ?” ನಾಗರಾಜಪ್ಪ ಗಾಬರಿಯಾದರು.

“ಹೆಣ್ಣು ನೋಡೋದು ಅಂತ ಯಾರಂದ್ರು? ಅವರ ಓಣಿ ಒಳಗೆ ಕೇಬಲ್ ಕೆಟ್ಟೈತಿ, ಟೆನಿಸ್ ನೋಡಾಕೆ ಬರ್ತಾರೆ ಅಂದ್ಕಳ್ರಿ. ಶ್ರಾವಣದ ತನಕ ಕಾದ್ರೆ ರಾಣೆಬೆನ್ನೂರಿನೋರು ಹುಡುಗನ್ನ ಎತ್ಕಂಡು ಹೋಗ್ತಾರೆ.”

ಗುರುಶಾಂತಮ್ಮನವರು ಬಾಗಿಲ ಹಿಂದಿನಿಂದ ಮೆಲ್ಲಗೆ ಕೇಳಿದರು. “ಭಾನುವಾರ ಆಗಂಗಿಲ್ಲೇನು ಪಾಲಯ್ಯ?”

“ಭಾನುವಾರ ಗಂಡಸ್ರ ಆಟ ಅಂತೆ ಅಮ್ಮಾರೆ. ಶನಿವಾರ ಹೆಂಗಸ್ರದು. ಮನಿಯಾಗೆ ಮದುವಿ ವಯಸ್ಸಿನ ಹುಡುಗಿ ಇಟ್ಕಂಡು ಗಂಡಸ್ರ ಆಟ ನೋಡ್ರಿ ಅಂತ ಬೀಗರನ್ನ ಕರಿಯೋದು ಚಂದ ಕಾಣಲ್ಲ.”

ಪಾಲಯ್ಯ ನಿಯಮಗಳನ್ನೂ ಹೇಳಿಯೇ ಹೋದ. ಉಪ್ಪಿಟ್ಟು, ಕೇಸರಿಬಾತ್ ಮಾಡಬಾರದು. ಮಾಡಿದರೆ ಹೆಣ್ಣು ನೋಡಿದಂತೆ ಆಗುತ್ತದೆ. ಮಂಡಕ್ಕಿ, ಮಿರ್ಚಿ ಸಾಕು. ಹುಡುಗಿ ರೇಷ್ಮೆ ಸೀರೆ ಉಡಬಾರದು. ತಾನು ಕೆಮ್ಮಿ ನೀರು ಕೇಳಿದಾಗ ಅವಳು ನೀರು ತರಬೇಕು. ಬಾಯಾರಿದವರಿಗೆ ನೀರು ಕೊಡಲು ಆಷಾಢದ ಅಡ್ಡಿ ಇಲ್ಲವಲ್ಲ!

ಶನಿವಾರ ಹರಿಹರದವರು ಆರೂವರೆಗೆ ಸರಿಯಾಗಿ ಬಂದರು. ಟೆನಿಸ್ ನೋಡಲು ಬಂದವರನ್ನು ಟಿವಿಯ ಎದುರಿಗೇ ಕೂಡಿಸಬೇಕು. ಉಚ್ಚೆಂಗೆಮ್ಮನವರು ನಡುವಿನ ಕುರ್ಚಿಯಲ್ಲಿ ಕುಳಿತರು. ಪಕ್ಕದಲ್ಲಿ ಬಕ್ಕೇಶ, ಆಚೆಗೆ ಪಾಲಯ್ಯ, ಕೊನೆಗೆ ನಾಗರಾಜಪ್ಪ. ಒಬ್ಬರೂ ಅತ್ತಿತ್ತ ನೋಡಲಿಲ್ಲ. ಹಾಗೆ ನೋಡಿದರೆ ಹೆಣ್ಣು ಹುಡುಕಿದಂತೆ ಕಾಣುತ್ತದೆ ಎಂಬ ಭಯ. ಹೀಗೆ ಟೆನಿಸ್ ಬೇಡವಾದ ನಾಲ್ವರು ಹಾಲ್‌ನಲ್ಲಿ ಕುಳಿತು ಕಣ್ಣು ಮಿಟುಕಿಸದೆ ಟೆನಿಸ್ ನೋಡಿದರು. ಬೇಕಾದ ಒಬ್ಬರು ಅಡುಗೆಮನೆಯಲ್ಲಿ ಮೆಣಸಿನಕಾಯಿಯನ್ನು ಕಡಲೆಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಡುತ್ತಿದ್ದರು.

“ಇಬ್ರೂ ಬಿಳೀನೇ ಉಟ್ಟಾರಲ್ರಿ. ನಮ್ಮಾಕಿ ಯಾವಾಕಿ?” ಉಚ್ಚೆಂಗೆಮ್ಮನವರ ದನಿ ಕೇಳಿಸಿತು.

“ನಿಮಗೆ ಯಾರು ಸೇರ್ತಾರೋ ಅವರೇ ನಮ್ಮೋರು,” ಎಂದರು ನಾಗರಾಜಪ್ಪ. ಹೆಣ್ಣಿನ ಕಡೆಯವರು ಹಾಗೇ ಹೇಳಬೇಕು.

“ಹಂಗಾರೆ ಆ ಗಿಡ್ಡಾಕಿ ಇರಲಿ. ಪಾಪ, ಆಕಿ ಕಡಿ ಯಾರೂ ಚಪ್ಪಾಳಿ ಹೊಡಿಯವಲ್ರು.”

ಗಿಡ್ಡವಳು ಫ್ರಾನ್ಸಿನ ತೋಜಿಯಾ. ಎದುರಾಳಿ! ಎಣ್ಣೆಯಲ್ಲಿ ಒಂದು ಮಿರ್ಚಿ ಕಪ್ಪಾಯಿತು. ಮನೆಯ ಯಜಮಾನರು ಆಗಲೇ ತೋಜಿಯಾಳ ಪಕ್ಷಕ್ಕೆ ಸೇರಿಬಿಟ್ಟಿದ್ದರು. ಬಕ್ಕೇಶನೂ ಸುಮ್ಮನೆ ಕೂಡಲಿಲ್ಲ. ಚೆಂಡು ನೆಟ್ಟಿಗೆ ಬಿದ್ದಾಗಲೆಲ್ಲ “ಅದ್ಭುತ” ಎಂದು ಚಪ್ಪಾಳೆ ತಟ್ಟುತ್ತಿದ್ದ.

“ಎಷ್ಟಾತೇ?” ಗುರುಶಾಂತಮ್ಮನವರು ಮಗಳನ್ನು ಪಿಸುಗುಟ್ಟಿ ಕೇಳಿದರು.

“ನನಗೆ ಕಾಣಲ್ಲವ್ವ. ಆ ಹುಡುಗನ ಬೆನ್ನು ಅಷ್ಟೇ ಕಾಣತೈತಿ,” ಎಂದಳು ಸ್ನೇಹಾ. ಅವಳ ಕಣ್ಣು ಬಾಗಿಲ ಸಂದಿಯಲ್ಲಿತ್ತು. ಈ ಮಾತುಗಳನ್ನೆಲ್ಲ ಮುಂದೆ ಅದೇ ಬೀದಿಯ ನಮಗೆ ಹೇಳಿದವಳು ಅವಳೇ.

ಮಿರ್ಚಿಯ ತಟ್ಟೆ ಹಿಡಿದು ಗುರುಶಾಂತಮ್ಮನವರು ಹೊರಗೆ ಬರುವಾಗ ಮೊದಲ ಸೆಟ್ ಮುಗಿದಿತ್ತು. ಜಾನವ್ವ ಆರು–ನಾಲ್ಕರಲ್ಲಿ ಗೆದ್ದಿದ್ದಳು. ಅವರು ಮುಖವನ್ನು ಬಹಳ ಪ್ರಯತ್ನದಿಂದ ಸಪ್ಪಗೆ ಮಾಡಿಕೊಂಡು, “ಅಯ್ಯೋ ಪಾಪ, ನಮ್ಮಾಕಿ ಸೋತ್ಲೇನ್ರಿ?” ಎಂದು ಬಾಗಿಲ ಬದಿಗೆ ಕುಳಿತರು. ಯಾರಾದರೂ ಚಹಾ ಕೇಳುವ ತನಕ ಕುಳಿತಿರಬಹುದು. ಯಾರೂ ಕೇಳಲಿಲ್ಲ. ಮಿರ್ಚಿ ಖಾರವಾಗಿತ್ತು, ಎಲ್ಲರೂ ಬಾಯಿಗೆ ಗಾಳಿ ಹಾಕಿಕೊಳ್ಳುತ್ತಿದ್ದರು.

ಎರಡನೆಯ ಸೆಟ್ ಎಳೆದಾಡಿ ಟೈಬ್ರೇಕರ್‌ಗೆ ಹೋಯಿತು. ಏಳು ಪಾಯಿಂಟು ಮೊದಲು ಮುಟ್ಟಿದವರಿಗೆ ಸೆಟ್. ಗುರುಶಾಂತಮ್ಮನವರು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು. ಜಾನವ್ವ ಮುಂದೆ ಹೋದಳು, ಇನ್ನೂ ಮುಂದೆ ಹೋದಳು. ಇನ್ನೊಂದು ಪಾಯಿಂಟು ಬಂದರೆ ಐದು ವರ್ಷದ ಕಾಯುವಿಕೆ ಮುಗಿಯುತ್ತಿತ್ತು.

ಆಗ ಪಾಲಯ್ಯ ಕೆಮ್ಮಿದ. ಅದು ಗುರುತಿನ ಕೆಮ್ಮೋ ಮಿರ್ಚಿಯ ಕೆಮ್ಮೋ ಇಂದಿಗೂ ಗೊತ್ತಿಲ್ಲ. “ತಂಗೀ, ಒಂದಿಷ್ಟು ನೀರು ತಗಂಬಾರವ್ವ” ಎಂದ.

ಸ್ನೇಹಾ ಲೋಟಗಳ ತಟ್ಟೆ ಹಿಡಿದು ತಲೆ ತಗ್ಗಿಸಿ ಬಂದಳು. ಉಚ್ಚೆಂಗೆಮ್ಮನವರಿಗೆ ಮೊದಲು ಕೊಡಬೇಕು. ಅವರ ಎದುರಿಗೆ ಇದ್ದ ಜಾಗ ಒಂದೇ. ಅವಳು ಟಿವಿಗೆ ಬೆನ್ನು ಮಾಡಿ, ಅದನ್ನು ಪೂರ್ತಿ ಮರೆ ಮಾಡಿ ನಿಂತಳು. ಆರೂವರೆಯಿಂದ ಟಿವಿಯನ್ನೇ ನೋಡುತ್ತಿದ್ದವರೆಲ್ಲ ಈಗ ಮೊದಲ ಸಲ ಹುಡುಗಿಯ ಮುಖ ನೋಡಿದರು.

“ಏ, ಸರಿಯೇ ಅತ್ಲಾಗೆ!” ಗುರುಶಾಂತಮ್ಮನವರು ಕೂಗಿದರು. “ಯಾಕ ಬಂದು ಮುಂದೆ ನಿಲ್ತೀ? ಒಳಗೆ ನಡಿ, ನಡಿ ಮೊದಲು!”

ಸ್ನೇಹಾ ಇದ್ದಲ್ಲೇ ಕಲ್ಲಾದಳು. ಹೆಣ್ಣಿನ ತಾಯಿ ಬೀಗರ ಎದುರಿಗೆ ಹೆಣ್ಣನ್ನು ಗದರಿಸಿ ಒಳಗೆ ಅಟ್ಟಿದ ಸಂಗತಿ ಆ ಬೀದಿಯಲ್ಲಿ ಹಿಂದೆ ನಡೆದಿರಲಿಲ್ಲ. ನಾಗರಾಜಪ್ಪ ಕಣ್ಣು ಮುಚ್ಚಿಕೊಂಡರು. ಪಾಲಯ್ಯನ ಕೆಮ್ಮು ತಾನಾಗಿ ನಿಂತಿತು.

ಉಚ್ಚೆಂಗೆಮ್ಮನವರು ಕುರ್ಚಿಯಿಂದ ಎದ್ದರು. “ನಮ್ಮದು ತಪ್ಪಾತ್ರಿ ಅಕ್ಕಾರೆ,” ಎಂದು ಕೈ ಮುಗಿದರು. “ಈ ಪಾಲಯ್ಯನ ಮಾತು ಕಟ್ಕಂಡು ಆಷಾಢದಾಗೆ ಬಂದ್ವಿ. ಹುಡುಗಿ ಮುಖ ತೋರಿಸಬಾರದು ಅಂತ ನೀವು ಹೆತ್ತ ಮಗಳ್ನೇ ಗದರಿಸಿದ್ರಿ ನೋಡ್ರಿ, ನನಗೆ ನಾಚಿಕಿ ಆತು. ಇಂಥ ಆಚಾರದ ಮನಿ ಹೆಣ್ಣೇ ನಮಗೆ ಬೇಕು. ಶ್ರಾವಣದಾಗೆ ಬಂದು ನೆಟ್ಟಗೆ ಕೇಳ್ತೀವಿ. ಬಕ್ಕೇಶ, ಏಳೋ. ತಲಿ ತಗ್ಗಿಸ್ಕಂಡು ನಡಿ.”

ಆಚಾರ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನಾಗರಾಜಪ್ಪ ಭಕ್ತಿಯಿಂದ ಟಿವಿ ಆರಿಸಿದರು.

ಮನೆಗೆ ಬಂದ ಮುತ್ತೈದೆಯನ್ನು ಬರಿಗೈಯಲ್ಲಿ ಕಳಿಸಲಾಗದು. ಗುರುಶಾಂತಮ್ಮನವರು ಕುಂಕುಮ ಕೊಟ್ಟರು, ಎಲೆ ಅಡಿಕೆ ಕೊಟ್ಟರು, ಗೇಟಿನ ತನಕ ಹೋದರು. ಗೇಟಿನಲ್ಲಿ ಉಚ್ಚೆಂಗೆಮ್ಮನವರು ಹರಿಹರದಲ್ಲಿ ಆಚಾರ ಹೇಗೆ ಹಾಳಾಗಿದೆ ಎಂದು ವಿವರವಾಗಿ ಹೇಳಿದರು. ಆಟೋ ಹೊರಟ ಮೇಲೆ ಗುರುಶಾಂತಮ್ಮನವರು ಓಡಿ ಬಂದು ಟಿವಿ ಹಾಕಿದರೆ, ಜಾನವ್ವ ದೊಡ್ಡ ಬೆಳ್ಳಿ ತಾಟೊಂದನ್ನು ಎತ್ತಿ ಹಿಡಿದು ನಿಂತಿದ್ದಳು.

ನಾಗರಾಜಪ್ಪ ಮುಂದೆ ಬಾಗಿ ನೋಡಿದರು. “ಒಳ್ಳೇ ತಾಟು. ನಡುವೆ ಕೆತ್ತನಿ ನೋಡು.” ಆಮೇಲೆ ಹೆಂಡತಿಯ ಮುಖ ನೋಡಿ, “ಆಕಿ ಗೆದ್ಲಲ್ಲ, ಮಗಳಿಗೂ ಮನಿ ಸಿಕ್ತು. ಇನ್ನೇನಾಗಬೇಕು ನಿನಗೆ?” ಎಂದರು.

“ಕಡೀ ಪಾಯಿಂಟು ಹೆಂಗಾತು ಅಂತ ಗೊತ್ತಾಗಬೇಕು.”

ಅದನ್ನು ಹೇಳಬಲ್ಲವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಮರುದಿನದ ಪೇಪರಿನಲ್ಲಿ ಬರಿಯ ಅಂಕಿ ಇತ್ತು.

ಗುರುಶಾಂತಮ್ಮನವರು ಸುಳ್ಳು ಹೇಳುವವರಲ್ಲ. ಶ್ರಾವಣದಲ್ಲಿ ನಿಶ್ಚಿತಾರ್ಥದ ದಿನ ಉಚ್ಚೆಂಗೆಮ್ಮನವರನ್ನು ಪಕ್ಕಕ್ಕೆ ಕರೆದು, “ಅವತ್ತು ನಾನು ಗದರಿಸಿದ್ದು ಆಷಾಢಕ್ಕಲ್ರಿ, ಟಿವಿ ಕಾಣ್ಲಿಲ್ಲ ಅಂತ” ಎಂದು ಹೇಳಿಯೇಬಿಟ್ಟರು. ಉಚ್ಚೆಂಗೆಮ್ಮನವರು ಜೋರಾಗಿ ನಕ್ಕು ಸುತ್ತಲಿದ್ದವರನ್ನೆಲ್ಲ ಕರೆದರು. “ದೊಡ್ಡತನ ಅಂದ್ರೆ ಇದು ನೋಡ್ರಿ. ತಾನು ಮಾಡಿದ ಆಚಾರ ತಾನೇ ಹೇಳ್ಕಣಲ್ಲ!”

ಅಲ್ಲಿಗೆ ಮುಗಿಯಿತು. ಮದುವೆಯಲ್ಲಿ ಅವರ ಆಚಾರದ ಮಾತು ಹರಿಹರದಿಂದ ದಾವಣಗೆರೆಗೆ ದೊಡ್ಡದಾಗಿ ಬಂತು. ಮರುವರ್ಷ ಅಧಿಕ ಜ್ಯೇಷ್ಠ ಬಿದ್ದು ಜನರಿಗೆ ಮಾಸಗಳ ಲೆಕ್ಕವೇ ತಪ್ಪಿದಾಗ, ಬಡಾವಣೆಯ ಹೆಂಗಸರು ಯಾವಾಗ ಏನು ಮಾಡಬಹುದೆಂದು ಕೇಳಲು ಬಂದದ್ದು ಗುರುಶಾಂತಮ್ಮನವರ ಮನೆಗೆ. ಬರುವುದು ಸಂಜೆ ಹೊತ್ತು, ಕೆಲಸ ಮುಗಿಸಿಕೊಂಡು. ಅಂದರೆ ಟೆನಿಸ್ ಹೊತ್ತಿಗೆ.

ಜಾನವ್ವನ ಕ್ವಾರ್ಟರ್ ಫೈನಲ್ ನಡೆಯುತ್ತಿದ್ದಾಗ ಮೂವರು ಬಂದಿದ್ದರು. ಒಬ್ಬರಿಗೆ ಬೋರ್‌ವೆಲ್ ಹೊಡೆಸಬೇಕಿತ್ತು, ಒಬ್ಬರಿಗೆ ಸೊಸೆಯನ್ನು ತವರಿನಿಂದ ಕರೆಸಬೇಕಿತ್ತು, ಇನ್ನೊಬ್ಬರಿಗೆ ಹೊಸ ಒಲೆ ಹೂಡಬೇಕಿತ್ತು. ಗುರುಶಾಂತಮ್ಮನವರು ಟಿವಿಯಿಂದ ಕಣ್ಣು ತೆಗೆಯದೆ ಮೂವರಿಗೂ “ಬ್ಯಾಡ” ಎಂದರು. ಅದಕ್ಕಿಂತ ಚಿಕ್ಕ ಉತ್ತರ ಅವರಿಗೆ ಹೊಳೆಯಲಿಲ್ಲ. ಮೂವರೂ ಕೈ ಮುಗಿದು, ಇಷ್ಟು ಕಟ್ಟುನಿಟ್ಟಿನವರು ಈಗಿನ ಕಾಲದಲ್ಲಿ ಸಿಗುವುದಿಲ್ಲ ಎಂದು ಮಾತಾಡಿಕೊಂಡು ಹೋದರು. ಬೋರ್‌ವೆಲ್ ಮುಂದಕ್ಕೆ ಹೋಯಿತು, ಸೊಸೆ ತವರಲ್ಲೇ ಉಳಿದಳು, ಒಲೆಯ ಇಟ್ಟಿಗೆಗಳು ಹಿತ್ತಲಲ್ಲಿ ಕುಳಿತವು.

ಜಾನವ್ವ ಸೋತಳು.

ನಾಗರಾಜಪ್ಪ ಅಂಗಡಿಯಿಂದ ಬಂದವರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ, “ಭಾರಿ ಆದೆ ಬಿಡು. ಇಡೀ ಬಡಾವಣಿ ನಿನ್ನ ಮಾತು ಕೇಳತೈತಿ” ಎಂದರು.

“ಎಲ್ಲಾರೂ ಕೇಳ್ತಾರ,” ಎಂದರು ಗುರುಶಾಂತಮ್ಮನವರು ಟಿವಿ ಆರಿಸುತ್ತಾ. “ಆಕಿ ಒಬ್ಬಾಕಿ ಕೇಳಲ್ಲ. ನೆಟ್ ಹತ್ರ ಓಡಬ್ಯಾಡ, ಓಡಬ್ಯಾಡ ಅಂತ ಬಡಕಂಡೆ. ಓಡಿದ್ಲು.”